ನಮ್ಮ ಹೊಲದ ಬೀಜ ಯಾರದು?

ಮುಂಗಾರು ಚೆನ್ನಾಗಿ ಹಿಡಿದ ವರ್ಷ ಹಂಪಸಾಗರದಿಂದ ಹಗರಿಬೊಮ್ಮನಹಳ್ಳಿ, ಅಲ್ಲಿಂದ ಹಡಗಲಿ, ಹರಪನಹಳ್ಳಿ ಕಡೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಹೆಚ್ಚಾಗಿ ಕಾಣುವುದು ಮೆಕ್ಕೆಜೋಳ. ಮಸಾರಿ ಹೊಲದಲ್ಲಿ ಶೇಂಗಾ, ಎರೆಯಲ್ಲಿ ಹತ್ತಿ, ಅಲ್ಲಲ್ಲಿ ಸೂರ್ಯಕಾಂತಿ. ಬೋರು ಇದ್ದವರ ಹೊಲದಲ್ಲಿ ಮೆಣಸಿನಕಾಯಿ, ಟೊಮ್ಯಾಟೊ. ಹಳ್ಳದ ದಂಡೆ, ಬದು, ಬೀಳು ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ.

ಕೃಷ್ಣದೇವರಾಯ 1509ರಲ್ಲಿ ಪಟ್ಟಕ್ಕೆ ಬಂದಾಗ ಇವುಗಳಲ್ಲಿ ಒಂದೂ ಈ ಸೀಮೆಯಲ್ಲಿ ಇರಲಿಲ್ಲ. ಹತ್ತಿ ಇತ್ತು, ಆದರೆ ಅದು ನಮ್ಮ ಹಳೆಯ ದೇಸಿ ಜಾತಿ. ಊಟಕ್ಕೆ ಜೋಳ, ಸಜ್ಜೆ, ನವಣೆ, ತೊಗರಿ, ಹೆಸರು ಇದ್ದವು. ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ. ಎಣ್ಣೆಗೆ ಎಳ್ಳು, ಕುಸುಬೆ. ಇವತ್ತು ನಮ್ಮ ತಾಲ್ಲೂಕುಗಳ ರೈತರ ಸಾಲ ತೀರಿಸುವ ಅಥವಾ ಸಾಲ ಏರಿಸುವ ಬೆಳೆಗಳಲ್ಲಿ ಹೆಚ್ಚಿನವು ಅಮೆರಿಕ ಖಂಡಗಳಿಂದ ಬಂದವು.

ಬಂದವು ಎನ್ನುವುದು ಸುಲಭ. ಅವನ್ನು ಮಾಡಿದವರು ಯಾರು, ಅವರಿಗೆ ಏನಾಯಿತು ಎಂದು ಕೇಳಿದರೆ ಕಥೆ ಬೇರೆಯಾಗುತ್ತದೆ.

ಹುಲ್ಲಿನಿಂದ ತೆನೆ

ಮೆಕ್ಕೆಜೋಳ ಕಾಡಿನಲ್ಲಿ ಸಿಕ್ಕ ಬೆಳೆಯಲ್ಲ. ಸುಮಾರು 9000 ವರ್ಷಗಳ ಹಿಂದೆ ದಕ್ಷಿಣ ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯಲ್ಲಿ ಜನ ಟಿಯೊಸಿಂಟೆ ಎಂಬ ಹುಲ್ಲಿನ ಬೀಜವನ್ನು ಆರಿಸಲು ಶುರು ಮಾಡಿದರು. ಆ ಹುಲ್ಲಿನ ತೆನೆಯಲ್ಲಿ ಇರುವುದು ಐದರಿಂದ ಹನ್ನೆರಡು ಕಾಳು, ಒಂದೊಂದಕ್ಕೂ ಕಲ್ಲಿನಂಥ ಸಿಪ್ಪೆ. ಒಳ್ಳೆಯ ತೆನೆಯನ್ನು ತೆಗೆದಿಟ್ಟು ಮುಂದಿನ ವರ್ಷ ಬಿತ್ತುವುದು, ಅದರಲ್ಲಿ ಇನ್ನೂ ಒಳ್ಳೆಯದನ್ನು ತೆಗೆದಿಡುವುದು. ಹೀಗೆ ನೂರಾರು ತಲೆಮಾರು ಕಳೆದ ಮೇಲೆ ನಮಗೆ ಗೊತ್ತಿರುವ ತೆನೆ ಬಂತು. ಮನುಷ್ಯ ಕಾಳು ಬಿಡಿಸಿ ಬಿತ್ತದಿದ್ದರೆ ಈ ಗಿಡ ತಾನಾಗಿ ವಂಶ ಮುಂದುವರಿಸಲಾರದು. ಅಷ್ಟರ ಮಟ್ಟಿಗೆ ಅದು ರೈತರ ಕೈಯಿಂದ ಹುಟ್ಟಿದ್ದು.

ಶೇಂಗಾ ಇವತ್ತಿನ ಬೊಲಿವಿಯಾದ ದಕ್ಷಿಣ ಮತ್ತು ಅರ್ಜೆಂಟೀನಾದ ಉತ್ತರದ ಸೀಮೆಯದು. ಆಲೂಗಡ್ಡೆ ಆಂಡಿಸ್ ಬೆಟ್ಟದವರದು. ಮೆಣಸಿನಕಾಯಿ ಮೆಕ್ಸಿಕೊದವರದು. ಸೂರ್ಯಕಾಂತಿಯನ್ನು ಒಗ್ಗಿಸಿದವರು ಉತ್ತರ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳು, ಅದೂ 4000 ವರ್ಷಗಳಿಗಿಂತ ಹಿಂದೆ. ಅದು ಸ್ಪೇನಿಗೆ ಹೋಗಿ, ರಷ್ಯಾದಲ್ಲಿ ಎಣ್ಣೆಯ ಬೆಳೆಯಾಗಿ, ರಷ್ಯಾದ ತಳಿಗಳ ಮೂಲಕ 1969ರಲ್ಲಿ ನಮ್ಮ ದೇಶದ ಹೊಲಕ್ಕೆ ಬಂತು. ಅಮೆರಿಕದ ಹತ್ತಿಯನ್ನು ಕಂಪನಿ ಸರಕಾರ 1840ರ ದಶಕದಲ್ಲಿ ಧಾರವಾಡ ಸೀಮೆಯಲ್ಲಿ ಬೆಳೆಸಲು ಹೊರಟಿತು. 1972ರಲ್ಲಿ ಧಾರವಾಡದಿಂದ ಹೊರಬಂದು ಹೆಸರು ಮಾಡಿದ ವರಲಕ್ಷ್ಮಿ ಹತ್ತಿಯ ತಂದೆ ತಾಯಿ ಎರಡೂ ಅಮೆರಿಕದ ಜಾತಿಗಳೇ.

ಹುಡುಕಿದ್ದು ಮೆಣಸು

ಕೊಲಂಬಸ್ ಹೊರಟದ್ದು ಅಮೆರಿಕಕ್ಕಲ್ಲ, ನಮ್ಮ ಕಡೆಗೆ. ಅವನಿಗೆ ಬೇಕಾಗಿದ್ದು ಏಷ್ಯಾದ ಚಿನ್ನ, ಮಸಾಲೆ. 1492ರ ಅಕ್ಟೋಬರ್ 12ರಂದು ಅವನ ಹಡಗುಗಳು ಮುಟ್ಟಿದ್ದು ಇವತ್ತಿನ ಬಹಾಮಾಸ್‌ನ ಒಂದು ದ್ವೀಪವನ್ನು. ಅಲ್ಲಿಯವರು ಅದನ್ನು ಗ್ವಾನಹಾನಿ ಎಂದು ಕರೆಯುತ್ತಿದ್ದರು. ತಾನು ಇಂಡೀಸ್ ತಲುಪಿದೆ ಎಂದುಕೊಂಡ ಕೊಲಂಬಸ್ ಆ ಜನರನ್ನು ಇಂಡಿಯನ್ನರು ಎಂದ. ಅವರ ಹೆಸರು ತಾಯ್ನೊ. ಅವರು ಬಳಸುತ್ತಿದ್ದ ಖಾರದ ಕಾಯಿಯನ್ನು ಅವನು ಮೆಣಸಿನ ಜಾತಿ ಎಂದುಕೊಂಡ. ಆಮೇಲೆ ಆ ಕಾಯಿ ನಮ್ಮಲ್ಲಿಗೆ ಬಂದಾಗ ನಾವೂ ಅದನ್ನು ಮೆಣಸಿನ ಕಾಯಿ ಎಂದೇ ಕರೆದೆವು.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ. 1500ರಲ್ಲಿ ಕಬ್ರಾಲ್ ಎಂಬ ಪೋರ್ಚುಗೀಸ್ ನಾಯಕ ಭಾರತಕ್ಕೆ ಹೊರಟ ಹಡಗುಗಳೊಂದಿಗೆ ದಾರಿಯಲ್ಲಿ ಬ್ರೆಜಿಲ್ ತೀರ ಮುಟ್ಟಿ, ಅಲ್ಲಿಂದ ಕಲ್ಲಿಕೋಟೆ, ಕೊಚ್ಚಿಗೆ ಬಂದ. ಒಂದೇ ಯಾನದಲ್ಲಿ ಬ್ರೆಜಿಲ್ ಮತ್ತು ಮಲಬಾರ್ ಕೂಡಿದವು. ಮುಂದೆ ಇಂಥ ಹಡಗುಗಳಲ್ಲೇ ಗೋವಾ ದಾರಿಯಿಂದ ಗೇರು, ಅನಾನಸ್, ಪಪ್ಪಾಯಿ, ಮೆಣಸಿನಕಾಯಿ, ತಂಬಾಕು ಒಳನಾಡಿಗೆ ಬಂದವು. ಪಪ್ಪಾಯಿಯನ್ನು ನಮ್ಮಲ್ಲಿ ಅನೇಕರು ಪರಂಗಿ ಹಣ್ಣು ಎನ್ನುತ್ತಾರೆ. ಅಂದರೆ ತಂದವನ ಹೆಸರು ಉಳಿಯಿತು, ಬೆಳೆಸಿದವನದು ಉಳಿಯಲಿಲ್ಲ. ಕೆಲವು ಶಬ್ದಗಳು ಮಾತ್ರ ಹೇಗೋ ತಪ್ಪಿಸಿಕೊಂಡು ಬಂದಿವೆ. ಅನಾನಸ್ ಎಂಬುದು ದಕ್ಷಿಣ ಅಮೆರಿಕದ ಟುಪಿ-ಗ್ವಾರಾನಿ ಭಾಷೆಯದು. ಬಟಾಟೆ ಎಂಬುದು ತಾಯ್ನೊ ಜನರದು, ಅವರಲ್ಲಿ ಅದು ಗೆಣಸಿನ ಹೆಸರು. ಟೊಮ್ಯಾಟೊ ಮೆಕ್ಸಿಕೊದ ನಾಹುವಾಟ್ಲ್ ಭಾಷೆಯ ಶಬ್ದ. ಸಂತೆಯಲ್ಲಿ ನಾವು ದಿನವೂ ಆಡುವ ಮಾತುಗಳಿವು.

1520ರ ಎರಡು ಊರು

ನಮ್ಮ ಹಂಪಿಗೆ ಈ ಕಥೆಯಲ್ಲಿ ಒಂದು ಜಾಗ ಇದೆ. 1510ರಲ್ಲಿ ಆಲ್ಬುಕರ್ಕ್ ಗೋವಾ ಹಿಡಿದ. ಅದೇ ವರ್ಷ ಲೂಯಿಸ್ ಎಂಬ ಪಾದ್ರಿಯನ್ನು ವಿಜಯನಗರಕ್ಕೆ ರಾಯಭಾರಿಯಾಗಿ ಕಳಿಸಿದ. ಪೋರ್ಚುಗೀಸರಿಗೆ ವಿಜಯನಗರದ ಸ್ನೇಹ ಬೇಕಿತ್ತು, ರಾಯರಿಗೆ ಅವರ ಹಡಗಿನಲ್ಲಿ ಬರುವ ಕುದುರೆ ಬೇಕಿತ್ತು. 1520ರ ಸುಮಾರಿಗೆ ಹಂಪಿಗೆ ಬಂದ ದೊಮಿಂಗೊ ಪಾಯಸ್ ಊರನ್ನು ನೋಡಿ ಬೆರಗಾಗಿ ಅದನ್ನು ರೋಮ್ ನಗರಕ್ಕೆ ಹೋಲಿಸಿದ. ಹೊಸಪೇಟೆ ಬಳಿ ದೊಡ್ಡ ಕೆರೆ ಕಟ್ಟಿಸುವಾಗ ರಾಯರು ಕಲ್ಲುಕೆಲಸ ಬಲ್ಲ ಪೋರ್ಚುಗೀಸನೊಬ್ಬನನ್ನು ಬಳಸಿಕೊಂಡದ್ದೂ ಬರಹದಲ್ಲಿದೆ. 1520ರ ಮೇ 19ರ ರಾಯಚೂರು ಕದನದ ಕಾಲಕ್ಕೆ ಕ್ರಿಸ್ತೊವಾವೊ ದ ಫಿಗೇರೆದೊ ಎಂಬವನು ತನ್ನ ಕೆಲವು ಕೋವಿಕಾರರೊಂದಿಗೆ ರಾಯರ ಪಾಳೆಯದಲ್ಲಿದ್ದ. ಅಂದರೆ ತುಂಗಭದ್ರೆಯ ದಂಡೆಯಲ್ಲಿ ಯುರೋಪಿನವರು ವ್ಯಾಪಾರಿಗಳು, ಅತಿಥಿಗಳು, ಸಹಾಯಕ್ಕೆ ಬಂದವರು.

ಅದೇ 1520ರ ಮೇ ತಿಂಗಳಲ್ಲಿ ಭೂಮಿಯ ಇನ್ನೊಂದು ಬದಿಯಲ್ಲಿ, ಕೆರೆಯ ನಡುವೆ ಕಟ್ಟಿದ್ದ ಟೆನೊಚ್ಟಿಟ್ಲಾನ್ ಎಂಬ ನಗರದಲ್ಲಿ ಹಬ್ಬ ನಡೆದಿತ್ತು. ಇವತ್ತಿನ ಮೆಕ್ಸಿಕೊ ನಗರ ಇರುವುದು ಅದರ ಮೇಲೆ. ಗುಡಿಯ ಅಂಗಳದಲ್ಲಿ ಕುಣಿಯುತ್ತಿದ್ದ ಮೆಷಿಕಾ ಜನರನ್ನು ಸ್ಪೇನಿನ ಸೈನಿಕರು ಕತ್ತಿಯಿಂದ ಕಡಿದು ಹಾಕಿದರು. ಜನ ತಿರುಗಿಬಿದ್ದು ಜೂನ್ ಕೊನೆಗೆ ಅವರನ್ನು ಊರಿಂದ ಓಡಿಸಿದರು. ಆದರೆ ಅಷ್ಟರಲ್ಲಿ ಸ್ಪೇನಿನವರ ಹಡಗಿನಲ್ಲಿ ಸಿಡುಬು ಮೆಕ್ಸಿಕೊಗೆ ಇಳಿದಿತ್ತು. ಆ ವರ್ಷದ ಕೊನೆಯೊಳಗೆ ಅದು ನಗರವನ್ನು ಹೊಕ್ಕು ಮನೆಮನೆಯಲ್ಲಿ ಹೆಣ ಹಾಕಿತು. ಹೊಸ ದೊರೆ ಕ್ವಿಟ್ಲಾಹುವಾಕ್ ಪಟ್ಟಕ್ಕೆ ಬಂದ ಮೂರು ತಿಂಗಳೊಳಗೆ ಅದರಿಂದಲೇ ತೀರಿಕೊಂಡ. ಮರುವರ್ಷ ಕೊರ್ತೇಸ್ ತ್ಲಾಶ್ಕಲಾ ಮೊದಲಾದ ಸ್ಥಳೀಯ ಶತ್ರುರಾಜ್ಯಗಳ ಸಾವಿರಾರು ಯೋಧರನ್ನು ಕಟ್ಟಿಕೊಂಡು ಮರಳಿ ಬಂದ. ಕುಡಿಯುವ ನೀರಿನ ಕಾಲುವೆ ಒಡೆಸಿ ಎರಡೂವರೆ ತಿಂಗಳು ಮುತ್ತಿಗೆ ಹಾಕಿದ. 1521ರ ಆಗಸ್ಟ್ 13ರಂದು ನಗರ ಬಿತ್ತು.

ಕಾಲ ಒಂದೇ, ಬಂದವರೂ ಪಕ್ಕಪಕ್ಕದ ದೇಶದವರು. ಇಲ್ಲಿ ಹಾಗೇಕೆ ಆಗಲಿಲ್ಲ, ಅಲ್ಲಿ ಏಕೆ ಆಯಿತು?

ನಮ್ಮವರು ಶೂರರು, ಅವರು ಹೇಡಿಗಳು ಎಂಬುದು ಉತ್ತರವಲ್ಲ. ಪೋರ್ಚುಗೀಸರು ನಮ್ಮ ಕಡಲತೀರದಲ್ಲಿ ಸಾಧುಗಳಾಗಿಯೂ ಇರಲಿಲ್ಲ. ಗೋವಾದ ಕೊಲೆಗಳು, 1560ರಲ್ಲಿ ಶುರುವಾದ ಇಂಕ್ವಿಸಿಷನ್, ಉಳ್ಳಾಲದ ಅಬ್ಬಕ್ಕನ ಮೇಲೆ ಮಾಡಿದ ದಾಳಿಗಳು ಅದಕ್ಕೆ ಸಾಕ್ಷಿ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಕುದುರೆ, ಕಬ್ಬಿಣ, ಮದ್ದುಗುಂಡು ನಮ್ಮವರಿಗೆ ಹೊಸದಲ್ಲ. ಅಮೆರಿಕದಲ್ಲಿ ಕುದುರೆಯೇ ಇರಲಿಲ್ಲ, ಕಬ್ಬಿಣದ ಕತ್ತಿಯೂ ಇರಲಿಲ್ಲ. ಎಲ್ಲಕ್ಕಿಂತ ದೊಡ್ಡದು ಸಿಡುಬು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಅಮ್ಮ ಎಂದೇ ಹೆಸರು. ದಿಡಗು ಬಿದ್ದ ಮುಖದ ಅಜ್ಜ ಅಜ್ಜಿಯರನ್ನು ನಮ್ಮ ತಂದೆ ತಾಯಿಯರ ತಲೆಮಾರಿನವರು ಕಂಡವರೇ. ಅದು ಇಲ್ಲಿ ಪ್ರತಿ ತಲೆಮಾರಿನಲ್ಲೂ ಮಕ್ಕಳನ್ನು ಕೊಂದಿತು, ಆದರೆ ಬದುಕಿ ಉಳಿದವರಿಗೆ ಮತ್ತೆ ಬರುತ್ತಿರಲಿಲ್ಲ. ಆದ್ದರಿಂದ ಊರಿಗೆ ಊರೇ ಒಟ್ಟಿಗೆ ಮಲಗುವುದು ಅಪರೂಪ. ಅಮೆರಿಕದವರು ಸಿಡುಬು, ದಡಾರಗಳನ್ನು ಕಂಡೇ ಇರಲಿಲ್ಲ. ಅಲ್ಲಿ ಮಗು, ತಾಯಿ, ಮುದುಕ, ಯೋಧ ಎಲ್ಲರೂ ಒಂದೇ ವಾರದಲ್ಲಿ ಮಲಗಿದರು. ನೀರು ಕೊಡುವವರಿಲ್ಲದೆ, ಅಡುಗೆ ಮಾಡುವವರಿಲ್ಲದೆ, ಬಿತ್ತುವವರಿಲ್ಲದೆ ಸತ್ತರು.

ರೋಗವೊಂದೇ ಅಲ್ಲ

ಇಲ್ಲಿಗೇ ನಿಲ್ಲಿಸಿದರೆ ಕೊಂದವರ ಕೈ ತೊಳೆದಂತಾಗುತ್ತದೆ. ಕೊಲಂಬಸ್ ನೆಲೆ ಊರಿದ ಹಿಸ್ಪಾನಿಯೋಲಾ ದ್ವೀಪದ ಲೆಕ್ಕ ನೋಡಿ. ಇವತ್ತಿನ ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಇರುವ ದ್ವೀಪ ಅದು. 1492ರಲ್ಲಿ ಅಲ್ಲಿ ಲಕ್ಷಗಟ್ಟಲೆ ತಾಯ್ನೊ ಜನರಿದ್ದರು. 1514ರಲ್ಲಿ ಸ್ಪೇನಿನವರೇ ಮಾಡಿದ ಎಣಿಕೆಯಲ್ಲಿ ಸಿಕ್ಕವರು ಸುಮಾರು 26,000. ಆ ದ್ವೀಪಕ್ಕೆ ಸಿಡುಬು ಬಂದ ಮೊದಲ ಖಚಿತ ದಾಖಲೆ 1518ರ ಕೊನೆಯದು. ಅಂದರೆ ಸಿಡುಬು ಬರುವ ಮೊದಲೇ ಜನ ಕರಗಿದ್ದರು.

ಹೇಗೆ? ಚಿನ್ನ ಸಿಗುವ ಸೀಮೆಯಲ್ಲಿ 14 ವರ್ಷ ದಾಟಿದ ಪ್ರತಿಯೊಬ್ಬರೂ ಮೂರು ತಿಂಗಳಿಗೊಮ್ಮೆ ಒಂದು ಸಣ್ಣ ಗೆಜ್ಜೆ ತುಂಬ ಚಿನ್ನದ ಪುಡಿ ಕೊಡಬೇಕು ಎಂದು ಕೊಲಂಬಸ್ ಕಟ್ಟಳೆ ಮಾಡಿದ. ಚಿನ್ನ ಇಲ್ಲದ ಕಡೆ ಹತ್ತಿ ಕೊಡಬೇಕು. ಕೊಟ್ಟವರ ಕೊರಳಿಗೆ ಗುರುತಿನ ಬಿಲ್ಲೆ. 1495ರಲ್ಲಿ 500ಕ್ಕೂ ಹೆಚ್ಚು ಜನರನ್ನು ಹಿಡಿದು ಗುಲಾಮರಾಗಿ ಮಾರಲು ಸ್ಪೇನಿಗೆ ಸಾಗಿಸಿದರು. ಅವರಲ್ಲಿ ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಆಮೇಲೆ ಬಂದದ್ದು ಎಂಕೊಮಿಯೆಂದಾ ಪದ್ಧತಿ. ಇಂತಿಂಥ ಊರಿನ ಇಷ್ಟು ಜನ ಇಂಥ ಸ್ಪೇನಿನವನಿಗೆ ದುಡಿಯಬೇಕು, ಅವನು ಅವರಿಗೆ ಕ್ರೈಸ್ತ ಧರ್ಮ ಕಲಿಸಬೇಕು ಎಂಬ ಏರ್ಪಾಡು. ಬಿತ್ತನೆಯ ಕಾಲಕ್ಕೆ ಗಂಡಸರು ಗಣಿಯಲ್ಲಿದ್ದರೆ ಹೊಲ ಬೀಳು ಬೀಳುತ್ತದೆ. ಹಸಿದವರನ್ನು ಯಾವ ಜ್ವರವಾದರೂ ಎತ್ತಿಕೊಂಡು ಹೋಗುತ್ತದೆ. ಇದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

1513ರಿಂದ ಇದಕ್ಕೆ ಕಾನೂನಿನ ಬಟ್ಟೆಯೂ ತೊಡಿಸಲಾಯಿತು. ರೆಕೆರಿಮಿಯೆಂತೊ ಎಂಬ ಪತ್ರವನ್ನು ದಾಳಿಗೆ ಮೊದಲು ಸ್ಪ್ಯಾನಿಷ್ ಭಾಷೆಯಲ್ಲಿ ಓದುವುದು. ಪೋಪ್ ಮತ್ತು ಸ್ಪೇನಿನ ದೊರೆಗೆ ಶರಣಾಗದಿದ್ದರೆ ಮುಂದಿನ ಸಾವುನೋವಿಗೆ ನೀವೇ ಹೊಣೆ ಎಂಬುದು ಅದರ ಸಾರ. ಕೇಳುವವರಿಗೆ ಆ ಭಾಷೆಯ ಒಂದಕ್ಷರವೂ ತಿಳಿಯುತ್ತಿರಲಿಲ್ಲ.

ಎಲ್ಲ ಸ್ಪೇನಿನವರೂ ಸುಮ್ಮನಿರಲಿಲ್ಲ. 1511ರಲ್ಲಿ ಮೊಂತೆಸಿನೊಸ್ ಎಂಬ ಪಾದ್ರಿ ಹಿಸ್ಪಾನಿಯೋಲಾದ ಚರ್ಚಿನಲ್ಲಿ ನಿಂತು, ಇವರು ಮನುಷ್ಯರಲ್ಲವೇ ಎಂದು ತನ್ನ ಜನರನ್ನೇ ಕೇಳಿದ. ತಾನೂ ಇಂಥ ದುಡಿಮೆಯ ಲಾಭ ಉಂಡಿದ್ದ ಬಾರ್ತೊಲೊಮೆ ದ ಲಾಸ್ ಕಾಸಾಸ್ ಅದನ್ನು ಬಿಟ್ಟುಕೊಟ್ಟು, ಉಳಿದ ಬದುಕನ್ನೆಲ್ಲ ಈ ಜನರ ಪರ ಬರೆಯುವುದರಲ್ಲಿ, ವಾದಿಸುವುದರಲ್ಲಿ ಕಳೆದ. 1542ರಲ್ಲಿ ಹೊಸ ಕಾನೂನುಗಳು ಬಂದವು. ಜಮೀನಿನಲ್ಲಿ, ಗಣಿಯಲ್ಲಿ ಅವು ಹೆಚ್ಚೇನೂ ನಡೆಯಲಿಲ್ಲ. ಬೊಲಿವಿಯಾದ ಪೊತೊಸಿಯಲ್ಲಿ 1545ರಲ್ಲಿ ಬೆಳ್ಳಿಯ ಬೆಟ್ಟ ಸಿಕ್ಕಿತು. 1570ರ ದಶಕದಿಂದ ಆಂಡಿಸ್‌ನ ಹಳ್ಳಿಗಳು ಸರದಿಯ ಮೇಲೆ ವರ್ಷಕ್ಕೆ ಸುಮಾರು 13,000 ಗಂಡಸರನ್ನು ಅಲ್ಲಿಗೆ ಬಿಟ್ಟಿ ಕೆಲಸಕ್ಕೆ ಕಳಿಸಬೇಕಾಯಿತು. ಅಮೆರಿಕದ ಬೆಳ್ಳಿ ಯುರೋಪು ಸುತ್ತಿ ಗೋವಾ, ಸೂರತ್ ಬಂದರುಗಳಲ್ಲಿ ಇಳಿದು ನಮ್ಮ ದೇಶದ ಬಟ್ಟೆ ಮತ್ತು ಮೆಣಸಿನ ಬೆಲೆಯಾಯಿತು. ಮೊಗಲರ ರೂಪಾಯಿಯಲ್ಲೂ ಆ ಬೆಳ್ಳಿ ಇತ್ತು.

ಒಟ್ಟು ಎಷ್ಟು ಜನ ಸತ್ತರು ಎಂಬುದರಲ್ಲಿ ವಿದ್ವಾಂಸರ ಅಂದಾಜು ಬೇರೆ ಬೇರೆ. ಆದರೆ ನೂರು, ನೂರೈವತ್ತು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಜನ ಇಲ್ಲವಾದರು ಎಂಬ ಮಾತನ್ನು ಹೆಚ್ಚಿನವರು ಒಪ್ಪುತ್ತಾರೆ. ದುಡಿಯಲು ಮೂಲನಿವಾಸಿಗಳು ಉಳಿಯದ ಕಡೆಗೆ ಆಫ್ರಿಕಾದಿಂದ ಜನರನ್ನು ಹಿಡಿದು ತಂದರು. ಸುಮಾರು ಮೂರೂವರೆ ಶತಮಾನಗಳಲ್ಲಿ ಹಾಗೆ ಹಡಗು ಹತ್ತಿಸಿದವರು ಸುಮಾರು 1.25 ಕೋಟಿ.

ಹಂಪಿಯೂ ಬಿತ್ತು, 1565ರಲ್ಲಿ. ಆದರೆ ಹಂಪಿ ಬಿದ್ದ ಮೇಲೂ ಸುತ್ತಲ ಊರುಗಳಲ್ಲಿ ಕನ್ನಡ ಉಳಿಯಿತು, ರಾಯರ ಕಾಲದ ಕಾಲುವೆಗಳಲ್ಲಿ ನೀರು ಹರಿಯಿತು, ಬೀಜ ರೈತರ ಮನೆಯ ಗಡಿಗೆಯಲ್ಲೇ ಇತ್ತು. ರಾಜ್ಯ ಹೋಗುವುದು ಬೇರೆ, ಜನವೇ ಹೋಗುವುದು ಬೇರೆ.

ಬೀಜದ ಜೊತೆ ಬಾರದ್ದು

ಜನ ಹೋದಾಗ ಅವರ ತಿಳಿವಳಿಕೆಯೂ ಹಿಂದೆ ಉಳಿಯುತ್ತದೆ. ಮೆಕ್ಸಿಕೊದವರು ಮೆಕ್ಕೆಜೋಳವನ್ನು ಸುಣ್ಣ ಅಥವಾ ಬೂದಿಯ ನೀರಿನಲ್ಲಿ ಬೇಯಿಸಿ, ನೆನೆಹಾಕಿ, ತೊಳೆದು ರುಬ್ಬಿ ರೊಟ್ಟಿ ಮಾಡುತ್ತಾರೆ. ಹಾಗೆ ಮಾಡಿದರೆ ಮಾತ್ರ ಅದರೊಳಗಿನ ನಯಾಸಿನ್ ಎಂಬ ಬಿ ವಿಟಮಿನ್ ಮೈಗೆ ಹತ್ತುತ್ತದೆ. ಯುರೋಪಿನವರು ಬೀಜ ಒಯ್ದರು, ಸುಣ್ಣದ ನೀರನ್ನು ಬಿಟ್ಟರು. ಫಲವಾಗಿ ಬರೀ ಮೆಕ್ಕೆಜೋಳ ತಿಂದ ಬಡವರಿಗೆ ಪೆಲಾಗ್ರಾ ಬಂತು. ಚರ್ಮ ಸುಲಿಯುವುದು, ಭೇದಿ, ಬುದ್ಧಿ ಕದಡುವುದು ಅದರ ಲಕ್ಷಣ. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪಾರ್ ಕಾಸಾಲ್ ಅದನ್ನು ಗುರುತಿಸಿದ. ಇಟಲಿಯಲ್ಲಿ, ಆಮೇಲೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ಸಾವಿರಾರು ಜನರನ್ನು ಕೊಂದಿತು. ಮೆಕ್ಸಿಕೊದ ಅಜ್ಜಿಯರಿಗೆ ಗೊತ್ತಿದ್ದ ಅಡುಗೆಯ ಕ್ರಮವೇ ಅದಕ್ಕೆ ಮದ್ದಾಗಿತ್ತು.

ಅವರು ಮೆಕ್ಕೆಜೋಳವನ್ನು ಒಂಟಿಯಾಗಿಯೂ ಬೆಳೆಯುತ್ತಿರಲಿಲ್ಲ. ಮೆಕ್ಕೆಜೋಳದ ದಂಟಿಗೆ ಹುರುಳಿಕಾಯಿಯ ಬಳ್ಳಿ ಹಬ್ಬಿಸಿ, ನೆಲಕ್ಕೆ ಕುಂಬಳದ ಜಾತಿಯ ಬಳ್ಳಿ ಬಿಡುತ್ತಿದ್ದರು. ಅದಕ್ಕೆ ಮಿಲ್ಪಾ ಎಂದು ಹೆಸರು. ನಮ್ಮ ಅಕ್ಕಡಿ ಸಾಲಿನ ಲೆಕ್ಕವೂ ಅದೇ. ಜೋಳದ ನಡುವೆ ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕಿದ ಹಿರಿಯರು ಮಿಲ್ಪಾ ನೋಡಿದ್ದರೆ ಕೂಡಲೇ ಗುರುತು ಹಿಡಿಯುತ್ತಿದ್ದರು. ಎರಡೂ ಕಡೆ ಬೀಜ ಮನೆಯದು, ಮಣ್ಣಿಗೆ ಬಲ ಕೊಡುವುದು ದ್ವಿದಳ ಬೆಳೆ, ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ.

ಈಗ ನಮ್ಮ ಹೊಲಗಳಲ್ಲಿ ಮಿಲ್ಪಾವೂ ಇಲ್ಲ, ಅಕ್ಕಡಿಯೂ ಕಡಿಮೆ. ಬದುವಿನಿಂದ ಬದುವಿಗೆ ಒಂದೇ ಬೆಳೆ, ಅದೂ ಪ್ರತಿ ವರ್ಷ ಅಂಗಡಿಯಿಂದ ತರಬೇಕಾದ ಹೈಬ್ರಿಡ್ ಬೀಜ. ಬೆಳೆದದ್ದರಲ್ಲಿ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ, ಕಾರ್ಖಾನೆಗೆ. 2018ರಲ್ಲಿ ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ಕರ್ನಾಟಕದ ಮೆಕ್ಕೆಜೋಳದಲ್ಲೇ. ಐನೂರು ವರ್ಷ ತಡವಾಗಿ ಬೆಳೆಯ ಹಿಂದೆ ಅದರ ಹುಳುವೂ ಬಂತು. ಮೆಕ್ಕೆಜೋಳ ಬಿಡಿ ಎಂದು ನಾನು ಹೇಳುತ್ತಿಲ್ಲ. ಈ ಒಣಭೂಮಿಯಲ್ಲಿ ಅದು ಎಷ್ಟೋ ಮನೆಗಳ ಮದುವೆ, ಓದು ನಡೆಸಿದೆ. ಆದರೆ ಅದನ್ನು ಮಾಡಿದ ರೈತರು ಅದನ್ನು ಹೇಗೆ ಬೆಳೆಯುತ್ತಿದ್ದರು ಎಂಬುದನ್ನು ನಮಗೆ ಯಾವ ಬೀಜದ ಚೀಲದ ಮೇಲೂ ಬರೆದು ಕೊಟ್ಟಿಲ್ಲ.

ಅವರು ಇನ್ನೂ ಇದ್ದಾರೆ

ಇಷ್ಟೆಲ್ಲ ಆದ ಮೇಲೂ ಆ ಜನ ಮುಗಿದು ಹೋಗಿಲ್ಲ. ಮೆಕ್ಸಿಕೊದಲ್ಲಿ ಇವತ್ತಿಗೂ 15 ಲಕ್ಷಕ್ಕೂ ಹೆಚ್ಚು ಜನ ನಾಹುವಾಟ್ಲ್ ಮಾತಾಡುತ್ತಾರೆ. ಆಂಡಿಸ್‌ನಲ್ಲಿ ಕೆಚುವಾ ಭಾಷೆಯವರು ಹಲವು ದಶಲಕ್ಷ. ತಮ್ಮ ಬೀಜ, ನೆಲ, ನೀರಿಗಾಗಿ ಅವರು ಈಗಲೂ ಕೋರ್ಟು, ಬೀದಿ ಎರಡರಲ್ಲೂ ನಿಲ್ಲುತ್ತಾರೆ. 2007ರಲ್ಲಿ ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದಾಗ ಭಾರತ ಸೇರಿ 144 ದೇಶಗಳು ಪರವಾಗಿ ಮತ ಹಾಕಿದವು. ವಿರುದ್ಧ ಹಾಕಿದವು ನಾಲ್ಕು: ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಮುಂದೆ ಆ ನಾಲ್ಕೂ ತಮ್ಮ ನಿಲುವು ಬದಲಿಸಿದವು.

ನಮ್ಮಲ್ಲಿ ಮಾತ್ರ ಇನ್ನೂ ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ ಎಂಬ ಒಂದು ಸಾಲನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಶೇಂಗಾ ಕೀಳುವ ಮನೆಯ, ಮೆಕ್ಕೆಜೋಳ ಮುರಿಯುವ ಮನೆಯ ಮಕ್ಕಳೇ ಅವರು. ಆ ಪಾಠದ ದಿನ ಒಬ್ಬ ಮೇಷ್ಟ್ರು ಒಂದು ತೆನೆ, ನಾಲ್ಕು ಮೆಣಸಿನಕಾಯಿ, ಒಂದು ಹಿಡಿ ಶೇಂಗಾ ಮೇಜಿನ ಮೇಲಿಟ್ಟು, ಇವನ್ನು ಯಾರು ಮಾಡಿದರು ಎಂದು ಕೇಳಿದರೆ ಸಾಕು, ಪಾಠ ಬೇರೆಯಾಗುತ್ತದೆ.

ಬಳ್ಳಾರಿ ಜಾಲಿಯ ಮಾತು ಉಳಿಯಿತು. ಅದು ಮೆಕ್ಸಿಕೊ, ಮಧ್ಯ ಅಮೆರಿಕ ಕಡೆಯ ಗಿಡ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆ ಜಮೈಕಾದಿಂದ ಬೀಜ ತರಿಸಿ ಕಡಪ ಸೀಮೆಯಲ್ಲಿ ಹಾಕಿತು. ಬಳ್ಳಾರಿ ಜಿಲ್ಲೆಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. ಜಮೈಕಾ ಎಂಬುದು ತಾಯ್ನೊ ಜನ ತಮ್ಮ ದ್ವೀಪಕ್ಕೆ ಇಟ್ಟ ಹೆಸರು. ಸ್ಪೇನಿನವರು 1509ರಲ್ಲಿ ಅಲ್ಲಿ ನೆಲೆ ನಿಂತ ಮೇಲೆ ಕೆಲವೇ ದಶಕಗಳಲ್ಲಿ ಆ ಜನ ಹೆಚ್ಚುಕಡಿಮೆ ಇಲ್ಲವಾದರು, ದ್ವೀಪದ ಹೆಸರು ಮಾತ್ರ ಉಳಿಯಿತು. ಅಲ್ಲಿಂದ ಬಂದ ಗಿಡಕ್ಕೆ ನಾವು ನಮ್ಮ ಜಿಲ್ಲೆಯ ಹೆಸರಿಟ್ಟೆವು. ಕೊಲಂಬಸ್ ಆ ಜನಕ್ಕೆ ನಮ್ಮ ದೇಶದ ಹೆಸರಿಟ್ಟಿದ್ದ.